ಎಣಿಸಲು ಬಂದರೆ ಮನುಷ್ಯರಾ?

ಪ್ರಿಯ ಸಹೋದರಿ, ವಂದನೆಗಳು.

ನೀವು ಕಳಿಸಿದ 'ಸೃಷ್ಟಿಯ ಕಿರೀಟ ಮನುಷ್ಯ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಕೊನೆಯವರೆಗೂ ಕಾಯಿಸಬಾರದು ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ಐದನೇ ಪುಟದಲ್ಲಿ, ಬರೀ ಎರಡು ಸಾಲಿನಲ್ಲಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಸರಳವಾಗಿದೆ. ಪ್ರಾಣಿಗಳಿಗೆ ಇರುವುದು ಹುಟ್ಟುಗುಣ ಮಾತ್ರ, ಬುದ್ಧಿ ಇಲ್ಲ. ಉಪಕರಣ ಮಾಡಲು ಬರುವುದಿಲ್ಲ, ಎಣಿಸಲು ಬರುವುದಿಲ್ಲ. ಮನುಷ್ಯನಿಗೆ ಇದೆಲ್ಲ ಬರುತ್ತದೆ, ಆದ್ದರಿಂದ ಅವನು ದೇವರ ಸ್ವರೂಪದಲ್ಲಿದ್ದಾನೆ. ಈ 'ಆದ್ದರಿಂದ' ಅನ್ನುವ ಕಡೆಯೇ ನನ್ನ ತಕರಾರು.

ಉಪಕರಣದ ಮಾತು 1960ರಲ್ಲೇ ಮುಗಿಯಿತು. ಈಗಿನ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಸಂಶೋಧಕಿ ಜೇನ್ ಗುಡಾಲ್ ಚಿಂಪಾಂಜಿಗಳನ್ನು ನೋಡುತ್ತಾ ಕೂತಿದ್ದರು. ಒಂದು ಚಿಂಪಾಂಜಿ ಹುಲ್ಲಿನ ಕಡ್ಡಿಯನ್ನು ಹುತ್ತದ ತೂತಿಗೆ ತೂರಿಸಿ, ಅದಕ್ಕೆ ಕಚ್ಚಿಕೊಂಡ ಗೆದ್ದಲನ್ನು ತುಟಿಯಿಂದ ಎಳೆದು ತಿನ್ನುತ್ತಿತ್ತು. ರೆಂಬೆಯ ಎಲೆ ಕಿತ್ತು ಕಡ್ಡಿ ಮಾಡಿಕೊಳ್ಳುವುದನ್ನೂ ಅವರು ನೋಡಿದರು. ಸುದ್ದಿ ಕೇಳಿದ ಮಾನವಶಾಸ್ತ್ರಜ್ಞ ಲೂಯಿಸ್ ಲೀಕಿ, ಇನ್ನು ಉಪಕರಣ ಅಂದರೆ ಏನು, ಮನುಷ್ಯ ಅಂದರೆ ಯಾರು ಅಂತ ಹೊಸದಾಗಿ ಹೇಳಬೇಕು, ಇಲ್ಲದಿದ್ದರೆ ಚಿಂಪಾಂಜಿಯನ್ನೂ ಮನುಷ್ಯ ಅನ್ನಬೇಕು ಅಂದರು. 2002ರಲ್ಲಿ ಆಕ್ಸ್‌ಫರ್ಡಿನ ಬೆಟ್ಟಿ ಎಂಬ ಕಾಗೆಯ ಸುದ್ದಿ ಬಂತು. ಅದು ನೆಟ್ಟಗಿದ್ದ ತಂತಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಕೊಳವೆಯೊಳಗಿದ್ದ ಪುಟ್ಟ ಬಕೆಟನ್ನು ಮೇಲಕ್ಕೆತ್ತಿತ್ತು, ಬಕೆಟಿನಲ್ಲಿ ತಿಂಡಿ ಇತ್ತು. ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಸಾಕಿ ಕಲಿಸಿದ ಅಲೆಕ್ಸ್ ಎಂಬ ಬೂದು ಗಿಳಿ 2007ರಲ್ಲಿ ತೀರಿಕೊಂಡಿತು, ಅಷ್ಟರಲ್ಲಿ ಅದು ಬಣ್ಣ, ಆಕಾರ ಹೇಳಲು, ಆರರವರೆಗೆ ಎಣಿಸಲು ಕಲಿತಿತ್ತು.

ಲೆಕ್ಕ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿದ್ದ ಬರ್ಲಿನ್ನಿನ ಜಾಣ ಕುದುರೆ ಹ್ಯಾನ್ಸ್ ಕಥೆಯನ್ನು ನೀವು 'ಎಲ್ಲವೂ ಮೋಸ' ಅನ್ನುವುದಕ್ಕೆ ಬಳಸಿದ್ದೀರಿ. ಅದು ಸರಿಯಲ್ಲ. ಅದನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿದ್ದು ಬೇರೆ. ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ, ನಿಜ. ಆದರೆ ಗೊರಸು ತಟ್ಟುತ್ತಾ ತಟ್ಟುತ್ತಾ ಸರಿಯಾದ ಸಂಖ್ಯೆ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ ಒಂದಿಷ್ಟು ಅಲುಗುತ್ತಿತ್ತು, ಅವರಿಗೇ ಗೊತ್ತಾಗದಷ್ಟು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ನಮ್ಮ ಮುಖವನ್ನು ನಮಗಿಂತ ಚೆನ್ನಾಗಿ ಓದುವ ಪ್ರಾಣಿಗೆ ಬುದ್ಧಿ ಇಲ್ಲ ಅನ್ನೋಕಾಗುತ್ತಾ?

ಒಂದೊಂದು ಹೊಸ ಸಂಗತಿ ಬಂದಾಗಲೂ ನೀವು ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ನನಗೆ ಅದಕ್ಕಿಂತ ಜಾಸ್ತಿ ನೋವಾಗಿದ್ದು ಇನ್ನೊಂದು ಕಾರಣಕ್ಕೆ. ನಮ್ಮಮ್ಮನಿಗೆ ಮರೆವಿನ ಕಾಯಿಲೆ ಇತ್ತು. ಕೊನೆಯ ವರ್ಷ ತಟ್ಟೆಯಲ್ಲಿ ಎರಡು ಇಡ್ಲಿ ಇಟ್ಟು ಎಷ್ಟಿದೆ ಅಮ್ಮ ಅಂದರೆ ಸುಮ್ನೆ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಹೆಸರೂ ಹೋಗಿತ್ತು. ಗಿಳಿ ಆರರವರೆಗೆ ಎಣಿಸುತ್ತಿತ್ತು, ಅಮ್ಮನಿಗೆ ಎರಡರವರೆಗೂ ಎಣಿಸಲು ಬರುತ್ತಿರಲಿಲ್ಲ. ನಿಮ್ಮ ಮೂರನೇ ಪುಟದ ಅಳತೆಗೋಲು ಹಿಡಿದರೆ ಅಮ್ಮ ಎಲ್ಲಿ ನಿಲ್ಲುತ್ತಾರೆ? ನೀವು ಹಾಗೆ ಅಂದುಕೊಂಡು ಬರೆದಿಲ್ಲ ಅಂತ ಗೊತ್ತು. ದೇವಸ್ವರೂಪವನ್ನು ಬುದ್ಧಿಶಕ್ತಿಯಲ್ಲಿ ಕಾಣುವುದು ಕ್ರೈಸ್ತ ಸಭೆಯಲ್ಲಿ ಹಳೆಯ ರೂಢಿ, ಹಿಂದಿನ ಕಾಲದ ಗುರು ಅಗಸ್ಟೀನರಂಥ ದೊಡ್ಡವರೇ ಆ ದಾರಿಯಲ್ಲಿ ನಡೆದವರು. ಆದರೂ ಬರೆಯುವಾಗ ಇಂಥ ಮನೆಗಳಲ್ಲೂ ನಮ್ಮ ಪತ್ರಿಕೆ ಓದುತ್ತಾರೆ ಅನ್ನೋದು ನೆನಪಿರಲಿ.

ಸತ್ಯವೇದವನ್ನೇ, ಅಂದರೆ ಬೈಬಲನ್ನೇ, ಇನ್ನೊಮ್ಮೆ ತೆರೆದು ನೋಡಿ. ಅದರ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಯ ಕಥೆಯಲ್ಲಿ ಕಾಡುಮೃಗ, ದನಕರು, ಮನುಷ್ಯ ಎಲ್ಲರೂ ಅದೇ ಆರನೇ ದಿನದವರು. ಪ್ರಾಣಿಗಳಿಗೆ ಬಳಸಿದ 'ನೆಫೆಷ್ ಹಯ್ಯಾ' (ಜೀವವಿರುವ ಪ್ರಾಣಿ) ಎಂಬ ಹೀಬ್ರೂ ಮಾತನ್ನೇ 2:7ರಲ್ಲಿ ಮನುಷ್ಯನಿಗೂ ಬಳಸಿದೆ. ಜ್ಞಾನೋಕ್ತಿ 30ನೇ ಅಧ್ಯಾಯ ಇರುವೆಯನ್ನೂ ಮಿಡತೆಯನ್ನೂ ಚಿಕ್ಕವಾದರೂ ಬಹಳ ಜಾಣ ಜೀವಿಗಳು ಅನ್ನುತ್ತದೆ. ಪ್ರಾಣಿಗೆ ಜಾಣತನ ಇದೆ ಅಂದರೆ ಸತ್ಯವೇದಕ್ಕೆ ಒಂದು ಚೂರೂ ಭಯವಿಲ್ಲ. ನಮಗ್ಯಾಕೆ?

ಹಾಗಾದರೆ ಮನುಷ್ಯನಲ್ಲಿ ಏನು ವಿಶೇಷ? ಈಜಿಪ್ಟ್, ಮೆಸೊಪೊಟೇಮಿಯಾ ಕಡೆ ರಾಜನನ್ನು ದೇವರ ಪ್ರತಿರೂಪ ಅನ್ನುತ್ತಿದ್ದರು. ಆದಿಕಾಂಡ 1:27 ಅದೇ ಮಾತನ್ನು ಗಂಡು ಹೆಣ್ಣು ಎಲ್ಲರಿಗೂ ಕೊಟ್ಟಿತು, ಯಾವ ಪರೀಕ್ಷೆಯೂ ಇಲ್ಲದೆ. ಜೊತೆಗೇ ಜವಾಬ್ದಾರಿಯನ್ನೂ ಕೊಟ್ಟಿತು. ಪ್ರಾಣಿಗಳಿಗೆ ಹೆಸರಿಡುವ ಕೆಲಸ ಆದಾಮನದು. 'ನೀನು ಎಲ್ಲಿದ್ದೀ' ಅಂತ ದೇವರು ಕೇಳಿದ್ದು ಆದಾಮನನ್ನು. ನಿನ್ನ ತಮ್ಮ ಎಲ್ಲಿ ಅಂತ, ತಮ್ಮನನ್ನು ಕೊಂದ ಕಾಯಿನನನ್ನು ಕೇಳಿದರು. ಯಾವ ಸಿಂಹಕ್ಕೂ ಜಿಂಕೆ ಎಲ್ಲಿ ಅಂತ ಕೇಳಲಿಲ್ಲ. ಅಮ್ಮನಿಗೆ ಉತ್ತರ ಕೊಡುವ ಶಕ್ತಿ ಹೋದಾಗಲೂ ಅವರ ಬೆಲೆ ದೇವರ ಹತ್ತಿರ ಹಾಗೇ ಇತ್ತು, ಅವರ ಬಗ್ಗೆ ಉತ್ತರ ಕೊಡುವ ಪಾಳಿ ನನ್ನದಾಯಿತು. ನನಗೆ ಈ ವಚನಗಳು ಅರ್ಥವಾದದ್ದು ಆ ಇಡ್ಲಿ ತಟ್ಟೆಯ ಮುಂದೆ.

ಈಗ ಐದನೇ ಪುಟ. 'ತಾತ ಸಂತೆಯಿಂದ ಬರುವಾಗ ಗಾಡಿಯಲ್ಲೇ ನಿದ್ದೆ ಹೋದರೂ ಎತ್ತುಗಳು ಮನೆ ಸೇರಿಸುತ್ತಿದ್ದವು. ವಯಸ್ಸಾಗಿ ನೊಗ ಇಳಿಸಿದ ಮೇಲೂ ಎಡಗಡೆಯ ಎತ್ತು ದಿನಾ ಬೆಳಿಗ್ಗೆ ಗಾಡಿಯ ಪಕ್ಕ ಹೋಗಿ ನಿಲ್ಲುತ್ತಿತ್ತು, ತಾತ ಅದನ್ನು ಮಾರಲೇ ಇಲ್ಲ.' ಇಷ್ಟು ಬರೆದು, ಮುಂದಿನ ಸಾಲಿನಲ್ಲೇ 'ಆದರೆ ಇದೆಲ್ಲ ಬರೀ ಅಭ್ಯಾಸಬಲ' ಅಂದುಬಿಟ್ಟಿದ್ದೀರಿ. ಯಾಕೆ ಹಾಗೆ ಮಾಡಿದಿರಿ? ಎತ್ತು ತನ್ನ ಒಡೆಯನನ್ನು ಬಲ್ಲದು, ನನ್ನ ಜನರು ನನ್ನನ್ನು ತಿಳಿಯರು ಅಂತ ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಲ್ಲಿ ದೇವರೇ ಎತ್ತಿನ ತಿಳಿವಳಿಕೆಯನ್ನು ಮುಂದಿಟ್ಟು ಮಾತಾಡುತ್ತಾರೆ. ನೀತಿವಂತ ತನ್ನ ದನಗಳ ಪ್ರಾಣವನ್ನೂ ನೋಡಿಕೊಳ್ಳುತ್ತಾನೆ ಎಂಬ ಜ್ಞಾನೋಕ್ತಿ 12:10 ನಿಮ್ಮ ತಾತನಿಗೇ ಹೇಳಿದ ಹಾಗಿದೆ.

ಅಲ್ಲಿಂದ ಶುರು ಮಾಡಿ. ಮೊದಲ ನಾಲ್ಕು ಪುಟ ತೆಗೆದುಬಿಡಿ. 'ವಿಜ್ಞಾನಿಗಳು ಹೇಳುತ್ತಾರೆ' ಅಂತ ಏಳು ಕಡೆ ಇದೆ, ಯಾವ ವಿಜ್ಞಾನಿ ಅಂತ ಒಂದು ಕಡೆಯೂ ಇಲ್ಲ. ಹೆಸರು ಹಾಕಿ, ಇಲ್ಲವೇ ಸಾಲನ್ನೇ ಬಿಡಿ. ವಚನಗಳು ಸಾಲಾಗಿ ಹನ್ನೊಂದಿವೆ, ಎರಡು ಮೂರು ಸಾಕು, ಆದರೆ ಅವುಗಳ ಜೊತೆ ಸ್ವಲ್ಪ ಹೊತ್ತು ಕೂತು ಬರೆಯಿರಿ. 1,200 ಪದ ದಾಟಬೇಡಿ.

ಮತ್ತೆ ಆ ಎತ್ತಿನ ಬಗ್ಗೆ ನನಗೆ ಇನ್ನೂ ತುಂಬಾ ತಿಳಿಯಬೇಕು. ದುಡಿಯದ ಎತ್ತಿಗೆ ಮೇವು ಹಾಕುವುದಕ್ಕೆ ಅಜ್ಜಿ ಏನಂದರು? ಬೇಸಿಗೆಯಲ್ಲಿ ಹುಲ್ಲು ಎಲ್ಲಿಂದ ತರುತ್ತಿದ್ದರು? ಬೆಳಿಗ್ಗೆ ಗಾಡಿಯ ಪಕ್ಕ ನಿಂತಿದ್ದನ್ನು ತಾತ ನೋಡಿ ಏನು ಮಾಡುತ್ತಿದ್ದರು, ಬೈದು ಕೊಟ್ಟಿಗೆಗೆ ಕಳಿಸುತ್ತಿದ್ದರಾ, ಬೆನ್ನು ಸವರುತ್ತಿದ್ದರಾ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ತಾತ ಅದನ್ನು ಏನಂತ ಕರೆಯುತ್ತಿದ್ದರು, ಅದೂ ಬೇಕು.