ಕಣ್ಣು ಕಾಣದ ವಿದ್ಯಾರ್ಥಿನಿಗೆ ಕನ್ನಡ ನೋಟ್ಸ್ ಓದಿಸಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ರಾಯಚೂರಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ, ಕನ್ನಡ ಎಂ.ಎ.ಗೆ ಈ ಸಲ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದ್ದಾಳೆ, ಕೊಟ್ಟ ಪಿಡಿಎಫ್ ಒಂದನ್ನೂ ಆಕೆಯ ಫೋನ್ ಸರಿಯಾಗಿ ಓದುತ್ತಿಲ್ಲ ಅಂದಿದ್ದೀರಿ. ಏನೂ ಕೊಳ್ಳಬೇಡಿ ಸರ್. ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್, ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಎನ್‌ವಿಡಿಎ, ಎರಡೂ ಸ್ಕ್ರೀನ್ ರೀಡರ್‌ಗಳು, ಅಂದರೆ ಪರದೆ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶಗಳು; ಎರಡೂ ಕನ್ನಡ ಓದುತ್ತವೆ. ತಕರಾರು ಇರುವುದು ನಾವು ಕೊಡುವ ಫೈಲಿನಲ್ಲಿ.

ನಾನು ಬಳ್ಳಾರಿಯಲ್ಲಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ನನ್ನ ಕೈಗೆ ಬರುವ ಕನ್ನಡ ನೋಟ್ಸ್ ಬಹುಪಾಲು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದದ್ದು. ಅದರಲ್ಲಿ ಕಣ್ಣಿಗೆ ‘ಕನ್ನಡ’ ಅಂತ ಕಂಡರೂ ಫೈಲಿನೊಳಗೆ ಕನ್ನಡದ ಒಂದಕ್ಷರವೂ ಇರುವುದಿಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಕ್ಯೂ, ಇಂಥವೇ ಇರುತ್ತವೆ. ಸ್ಕ್ರೀನ್ ರೀಡರ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. ಪಂಪನ ಪಾಠ ಕೇಳಲು ಕೂತವಳಿಗೆ ‘ಪಿ, ಎ, ಪೌಂಡ್’ ಕೇಳಿಸುತ್ತದೆ.

ಪರೀಕ್ಷೆ ಸುಲಭ. ವರ್ಡ್ ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವೇ ಕಂಡರೆ ಯೂನಿಕೋಡ್, ಅಂದರೆ ಫೈಲಿನೊಳಗೂ ನಿಜವಾದ ಕನ್ನಡ ಅಕ್ಷರವೇ ಇದೆ; ಚಿತ್ರವಿಚಿತ್ರ ಗುರುತು ಬಂದರೆ ಹಳೇ ನುಡಿ. ಬರೀ ಫಾಂಟ್ ಬದಲಿಸಿ ‘ತುಂಗಾ’ದಂಥ ಯೂನಿಕೋಡ್ ಫಾಂಟ್ ಹಾಕಿದರೆ ಆಗುವುದಿಲ್ಲ, ಹಳೇ ಬರಹವನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಲೇಬೇಕು. ನುಡಿ ತಂತ್ರಾಂಶದ ಜೊತೆಗೇ ಅದು ಬರುತ್ತದೆ. ಆಮೇಲೆ ಕೂತು ತಿದ್ದಿ. ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡದ ಅಕ್ಷರಗಳಾಗಿ ಕಲಸಿಹೋಗಿರುತ್ತವೆ, ಅರ್ಕಾವತ್ತು ಕೆಲವೊಮ್ಮೆ ಜಾಗ ತಪ್ಪಿರುತ್ತದೆ. ಇದು ಬೇಸರದ ಕೆಲಸ, ಒಪ್ಪುತ್ತೇನೆ.

ತಿದ್ದಿದ ಮೇಲೆ ಪಿಡಿಎಫ್ ಮಾಡಿಯೇ ಕಳಿಸಬೇಕೆಂಬ ಹಟ ಬೇಡ. ಯೂನಿಕೋಡ್ ಕನ್ನಡವೂ ಪಿಡಿಎಫಿನಲ್ಲಿ ಎಷ್ಟೋ ಸಲ ಒಡೆದುಹೋಗುತ್ತದೆ. ವರ್ಡ್ ಫೈಲನ್ನೇ ಕೊಡಿ. ಶೀರ್ಷಿಕೆಯನ್ನು ಬರೀ ದಪ್ಪ ಮಾಡದೆ ‘ಹೆಡಿಂಗ್ 1’, ‘ಹೆಡಿಂಗ್ 2’ ಸ್ಟೈಲ್ ಹಾಕಿ. ಆಗ ಆಕೆ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ನೇರ ಹಾರಬಹುದು. ಇಲ್ಲದಿದ್ದರೆ ನಲವತ್ತನೇ ಪುಟದ ವಿಷಯಕ್ಕೂ ಮೊದಲಿಂದ ಕೇಳುತ್ತಾ ಬರಬೇಕು.

ಪುಸ್ತಕದ ಪುಟ ಸ್ಕ್ಯಾನ್ ಮಾಡಿದ್ದರೆ ಅದು ಬರೀ ಚಿತ್ರ. ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಿನ ಕನ್ನಡ ಸಾಕಷ್ಟು ಚೆನ್ನಾಗಿ ಪಠ್ಯವಾಗುತ್ತದೆ, ಹಳಗನ್ನಡ ಪದ್ಯಗಳನ್ನು ಮಾತ್ರ ಮೂಲದ ಜೊತೆ ಹೋಲಿಸಿ ನೋಡಿ. ಪ್ರಕಾಶಕರು ಕೇಸ್ ಹಾಕಿಯಾರು ಅಂತ ಯಾರಾದರೂ ಹೆದರಿಸಿದರೆ, 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಅಂಗವಿಕಲರು ಓದಲೆಂದು ಹೀಗೆ ರೂಪ ಬದಲಿಸಲು ಅವಕಾಶ ಸಿಕ್ಕಿದೆ ಎನ್ನಿ. ಲಾಭಕ್ಕೆ ಮಾರಬಾರದು, ಅಷ್ಟೇ.

ವಿಭಾಗದ ಗ್ರೂಪಿಗೆ ವೇಳಾಪಟ್ಟಿಯ ಫೋಟೋ ಹಾಕುವಾಗ ಕೆಳಗೆ ಅದನ್ನೇ ಟೈಪ್ ಮಾಡಿ. ಮುಖ್ಯಸ್ಥರು ‘ಒಬ್ಬಳಿಗೋಸ್ಕರ ಇಷ್ಟೆಲ್ಲ ಯಾಕ್ರೀ’ ಅಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ತೋರಿಸಿ; ಡಿಜಿಟಲ್ ವಿಷಯ ಎಲ್ಲರಿಗೂ ಎಟಕುವಂತೆ ನೋಡಿಕೊಳ್ಳುವ ಹೊಣೆ ಅದರಲ್ಲಿ ಸರ್ಕಾರದ ಮೇಲಿದೆ. ಆದರೂ ಕಾನೂನಿಗಿಂತ ಮೊದಲು ಡಿಟಿಪಿಯವರ ಹತ್ತಿರ ಹೋಗಿ, ಮುಂದಿನ ಸೆಮಿಸ್ಟರಿನ ನೋಟ್ಸ್ ಯೂನಿಕೋಡಿನಲ್ಲೇ ಬೇಕು ಅಂತ ಹೇಳಿಬಿಡಿ. ಕೀಲಿಮಣೆ ಅದೇ ಇರುತ್ತದೆ, ಅವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.