ನೀವು ಕೇಳಿದ್ದು: ಜನ, ನೆಲ, ನೀರು

ಪ್ರಶ್ನೆ: ಪರಿಸರ ಹಾಳಾಗಲು ಜನಸಂಖ್ಯೆಯೇ ಮೂಲ ಕಾರಣ. ಇದನ್ನು ನೇರವಾಗಿ ಹೇಳಲು ಎಲ್ಲರೂ ಯಾಕೆ ಹಿಂಜರಿಯುತ್ತಾರೆ?

ಉತ್ತರ: ಹಿಂಜರಿಕೆ ಎಲ್ಲಿದೆ? ಶಾಲೆಯ ಪ್ರಬಂಧಗಳಲ್ಲೆಲ್ಲ ಇದೇ ಮಾತು. ನಾನು ಭೂಗೋಳ ಕಲಿಸುತ್ತಿದ್ದಾಗ, ಅಂಚಿನಿಂದ ಜನ ಉದುರಿ ಬೀಳುವ ಭೂಮಿಯ ಚಿತ್ರ ನೋಡಿ ನೋಡಿ ಸಾಕಾಗಿತ್ತು. ಆ ಚಿತ್ರದಲ್ಲಿ ನಿಜವೂ ಇದೆ ಅನ್ನಿ. 1950ರಲ್ಲಿ ಜಗತ್ತಿನಲ್ಲಿ ಸುಮಾರು 250 ಕೋಟಿ ಜನರಿದ್ದರು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರ ನವೆಂಬರ್ 15ಕ್ಕೆ ಅದು 800 ಕೋಟಿ ಮುಟ್ಟಿತು. ಇಷ್ಟು ಜನ ಉಣ್ಣಬೇಕು, ನೀರು ಕುಡಿಯಬೇಕು. ನೆಲದ ಮೇಲೆ ಭಾರ ಬೀಳದೆ ಇರುತ್ತದೆಯೇ?

ಆದರೆ ಓಝೋನ್ ಕಥೆ ನೋಡಿ. ಬಿಸಿಲಿನ ಕೆಟ್ಟ ಕಿರಣ ತಡೆಯುವ ಓಝೋನ್ ಪದರವನ್ನು ಉಳಿಸಲು 1987ರಲ್ಲಿ ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದ ಆದಾಗ ನಾವು ಸುಮಾರು 500 ಕೋಟಿ ಇದ್ದೆವು. ಆಮೇಲೆ ಇನ್ನೂ 300 ಕೋಟಿ ಸೇರಿತು. ಫ್ರಿಜ್‌ಗಳೂ ಜಾಸ್ತಿಯಾದವು. ಆದರೂ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ, ಆ ಪದರವನ್ನು ತಿನ್ನುತ್ತಿದ್ದ ಸಿಎಫ್‌ಸಿ ಅನಿಲಗಳ ತಯಾರಿಕೆ ಬಹುತೇಕ ನಿಂತೇಹೋಯಿತು. ಇನ್ನು ಇಂಗಾಲದ ಲೆಕ್ಕ ತೆಗೆದರೆ, ಜಗತ್ತು ಉಗುಳುವುದರಲ್ಲಿ ಸುಮಾರು ಅರ್ಧ ಪಾಲು ಅತಿ ಹೆಚ್ಚು ಆದಾಯದ ಶೇ. 10 ಜನರದ್ದು. ಅವರ ಮನೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಒಂದೋ ಎರಡೋ. ಬರೀ ತಲೆ ಎಣಿಸುತ್ತಾ ಕೂತರೆ ಇದು ಕಾಣಿಸುವುದಿಲ್ಲ. ಎಣಿಸುವವರ ಬೆರಳು ಯಾವಾಗಲೂ ಬೇರೆಯವರ ಮನೆ ಕಡೆಗೇ ಇರುತ್ತದೆ, ಗಮನಿಸಿದ್ದೀರಾ?

ಪ್ರಶ್ನೆ: ಸಾಕಲು ಕಷ್ಟ ಅಂತ ಗೊತ್ತಿದ್ದರೂ ಬಡವರು ಇಷ್ಟೊಂದು ಮಕ್ಕಳನ್ನು ಯಾಕೆ ಹೆರುತ್ತಾರೆ? ತಿಳಿವಳಿಕೆ ಇಲ್ಲ ಅಂತಲೇ?

ಉತ್ತರ: ತಿಳಿವಳಿಕೆ ಚೆನ್ನಾಗಿಯೇ ಇದೆ. ನಿಮ್ಮ ಲೆಕ್ಕ ಬೇರೆ, ಅವರ ಲೆಕ್ಕ ಬೇರೆ.

ನಲ್ಲಿಯೂ ಗ್ಯಾಸೂ ಇಲ್ಲದ ಮನೆಯಲ್ಲಿ ನೀರು, ಸೌದೆ, ಮೇವು ತರುವುದೇ ದಿನದ ದೊಡ್ಡ ಕೆಲಸ. ಸುತ್ತಲಿನ ಕಾಡು ಸವೆದ ಹಾಗೆ ಸೌದೆ ದೂರವಾಗುತ್ತದೆ. ಬಾವಿ ಬತ್ತಿದ ಹಾಗೆ ನೀರೂ ದೂರ. ಆಗ ಮನೆಗೆ ಇನ್ನೊಂದು ಜೊತೆ ಕೈ ಬೇಕು ಅನಿಸುತ್ತದೆ. ಕೈ ಹೆಚ್ಚಿದರೆ ಸೌದೆಯೂ ಹೆಚ್ಚು ಬೇಕು, ಕಾಡು ಮತ್ತಷ್ಟು ಸವೆಯುತ್ತದೆ. ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತಾ ಈ ಸುತ್ತಿನ ಬಗ್ಗೆ ಬಹಳ ಹಿಂದೆಯೇ ಬರೆದಿದ್ದಾರೆ. ನನಗೆ ಇದರಲ್ಲಿ ಕಾಣುವುದು ಆ ಕೊಡ ಯಾರ ತಲೆ ಮೇಲಿದೆ ಅನ್ನುವುದು. ಹೆಚ್ಚಾಗಿ ಹುಡುಗಿಯದ್ದು. ನೀರು ದೂರವಾದರೆ ಮೊದಲು ತಪ್ಪುವುದು ಅವಳ ಶಾಲೆ. ಶಾಲೆ ಬಿಟ್ಟವಳಿಗೆ ಬೇಗ ಮದುವೆ. ಬೇಗ ಮದುವೆಯಾದವಳಿಗೆ ಮಕ್ಕಳು ಜಾಸ್ತಿ. ಹುಟ್ಟಿದ ಮಕ್ಕಳೆಲ್ಲ ಬದುಕುವ ಭರವಸೆ ಇಲ್ಲದಿದ್ದರಂತೂ ಯಾವ ತಾಯಿ ಎರಡಕ್ಕೇ ಸಾಕು ಅಂತಾಳೆ?

ಈ ಸುತ್ತು ಮುರಿಯಲು ಮೊದಲು ಶ್ರೀಮಂತರಾಗಬೇಕು ಅಂತಲೂ ಇಲ್ಲ. 1970ರ ದಶಕದ ಶುರುವಿನಲ್ಲಿ ಬಾಂಗ್ಲಾದೇಶದ ಹೆಂಗಸರು ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳನ್ನು ಹೆರುತ್ತಿದ್ದರು. ಈಗ ಅದು ಎರಡರ ಆಸುಪಾಸು. ದೇಶ ಬಡತನದಲ್ಲಿರುವಾಗಲೇ ಈ ಇಳಿಕೆ ಶುರುವಾಯಿತು. ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಗರ್ಭನಿರೋಧಕ ಗುಳಿಗೆ ಕೊಟ್ಟರು. ಭೇದಿಗೆ ಉಪ್ಪು-ಸಕ್ಕರೆ ನೀರು ಕುಡಿಸುವುದನ್ನು ತಾಯಂದಿರಿಗೆ ಕಲಿಸಲಾಯಿತು, ಮಕ್ಕಳು ಉಳಿದರು. 1990ರ ದಶಕದಲ್ಲಿ ಪ್ರೌಢಶಾಲೆಗೆ ಹೋಗುವ ಹಳ್ಳಿ ಹುಡುಗಿಯರಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಗಾರ್ಮೆಂಟ್ ಕೆಲಸವೂ ಬಂತು. ಆ ಕೆಲಸದ ಕಷ್ಟ ಬೇರೆಯೇ ಕಥೆ, ಆದರೂ ಹುಡುಗಿಯ ಕೈಗೆ ಸಂಬಳ ಬಂದರೆ ಮನೆಯಲ್ಲಿ ಅವಳ ಮಾತಿಗೂ ಬೆಲೆ ಬರುತ್ತದೆ. ಪರಿಸರವೂ ಇಲ್ಲಿ ಸುಮ್ನೆ ಕೂತಿರಲಿಲ್ಲ. ನದಿ ದಂಡೆ ಕೊಚ್ಚಿಹೋಗಿ ಹೊಲ ಕಳೆದುಕೊಂಡ ಎಷ್ಟೋ ಕುಟುಂಬಗಳು ಢಾಕಾ ಸೇರಿದವು. ಹೊಲದಲ್ಲಿ ಮಗು ಒಂದು ಕೈ, ನಗರದಲ್ಲಿ ಅದೇ ಮಗು ಒಂದು ಖರ್ಚು.

ಪ್ರಶ್ನೆ: ಇಷ್ಟೆಲ್ಲ ಕಾಯುವ ಬದಲು ಕಡ್ಡಾಯ ಕಾನೂನು ತಂದರೆ ಮುಗಿಯಿತಲ್ಲ?

ಉತ್ತರ: ಚೀನಾ ತಂದು ನೋಡಿತು. ಆದರೆ ಅಲ್ಲಿ ದೊಡ್ಡ ಇಳಿಕೆ ಒಂದೇ ಮಗುವಿನ ನೀತಿಗೆ ಮೊದಲೇ, 1970ರ ದಶಕದಲ್ಲೇ ಆಗಿತ್ತು. ಒಬ್ಬ ಹೆಂಗಸಿಗೆ ಮಕ್ಕಳ ಸರಾಸರಿ ಆರರ ಹತ್ತಿರ ಇದ್ದದ್ದು ಮೂರಕ್ಕಿಂತ ಕೆಳಗೆ ಬಂದಿತ್ತು. ಆಗಲೂ ಸರ್ಕಾರದ ಒತ್ತಡ ಇತ್ತು, ಇಲ್ಲ ಅನ್ನುವುದಿಲ್ಲ. ಆಮೇಲಿನ ಕಡ್ಡಾಯ ನೀತಿಯ ಕಾಲದಲ್ಲಿ ಹೆಣ್ಣು ಭ್ರೂಣಗಳ ಹತ್ಯೆ ಹೆಚ್ಚಿ, ಹುಡುಗಿಯರ ಸಂಖ್ಯೆ ವಿಪರೀತ ತಗ್ಗಿತು. ಈಗ ಅದೇ ಸರ್ಕಾರ ಮೂರು ಮಕ್ಕಳಾಗಲಿ ಅಂತ ಕೇಳುತ್ತಿದೆ. ಹೆಚ್ಚು ಜನ ಕಿವಿಗೊಡುತ್ತಿಲ್ಲ.

ಪ್ರಶ್ನೆ: ಜಪಾನ್, ಕೊರಿಯಾದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವಂತೆ. ಪರಿಸರಕ್ಕೆ ಒಳ್ಳೆಯದೇ ಆಯಿತು, ಅಲ್ವಾ?

ಉತ್ತರ: ಸ್ವಲ್ಪ ಒಳ್ಳೆಯದು, ಆದರೆ ನೀವು ಅಂದುಕೊಂಡಷ್ಟು ಬೇಗ ಅಲ್ಲ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಹೆಂಗಸಿಗೆ ಮಕ್ಕಳ ಸರಾಸರಿ 0.72ಕ್ಕೆ ಇಳಿಯಿತು. ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತು. ಹಾಗಿದ್ದರೂ 2020ರ ಜನಗಣತಿಯಲ್ಲಿ ಅಲ್ಲಿನ ಕುಟುಂಬಗಳ ಸಂಖ್ಯೆ ಐದು ವರ್ಷದ ಹಿಂದಿಗಿಂತ ಜಾಸ್ತಿ ಇತ್ತು. ಒಬ್ಬೊಬ್ಬರೇ ಬದುಕುವವರು ಅಷ್ಟು ಹೆಚ್ಚಿದ್ದಾರೆ. ನಾಲ್ವರಿಗೆ ಒಂದು ಫ್ರಿಜ್ ಸಾಕಿತ್ತು, ಈಗ ನಾಲ್ಕು ಮನೆಗೆ ನಾಲ್ಕು. ಮುದುಕರಷ್ಟೇ ಉಳಿದ ಹಳ್ಳಿಗಳಲ್ಲಿ ಹೊಲಗಳು ಪಾಳು ಬಿದ್ದಿವೆ, ಕಾಡುಹಂದಿ, ಕರಡಿಗಳು ಮನೆ ಬಾಗಿಲಿಗೇ ಬರುತ್ತಿವೆ. ಬಿಟ್ಟ ಹೊಲ ಮತ್ತೆ ಒಳ್ಳೆಯ ಕಾಡಾಗಬೇಕಾದರೆ ಅದನ್ನು ನೋಡಿಕೊಳ್ಳುವ ಜನವೂ ಬೇಕು. ಅಲ್ಲಿ ಈಗ ಸಿಗದಿರುವುದು ಅಂಥವರೇ.