ಅಪ್ಪನ ಕಾಲದ ನೆಗೆಟಿವ್, ಸ್ಲೈಡ್‌ಗಳಿಗೆ ಯಾವ ಫಿಲ್ಮ್ ಸ್ಕ್ಯಾನರ್ ಕೊಳ್ಳಲಿ?

ಅಪ್ಪ 1978ರಿಂದ 1999ರ ತನಕ ತೆಗೆದ ಸುಮಾರು 1,800 ನೆಗೆಟಿವ್, 250 ಸ್ಲೈಡ್, ಜೊತೆಗೆ ಒಂದಷ್ಟು ದೊಡ್ಡ ಚೌಕ ನೆಗೆಟಿವ್ ಟ್ರಂಕಿನಲ್ಲಿವೆ ಅಂದಿದ್ದೀರಿ. ಮನೆಯಲ್ಲಿರುವ ಕಾಗದದ ಸ್ಕ್ಯಾನರ್ ಸಾಕೇ, ಫಿಲ್ಮಿಗೆಂದೇ ಮಾಡಿದ 7200 ಡಿಪಿಐ (ಒಂದು ಇಂಚಿನಲ್ಲಿ ಯಂತ್ರ ಓದುವ ಚುಕ್ಕೆಗಳ ಲೆಕ್ಕ) ಯಂತ್ರ ಬೇಕೇ, ಅಥವಾ ಸೆಕೆಂಡ್ ಹ್ಯಾಂಡ್ ನಿಕಾನ್ ಫಿಲ್ಮ್ ಸ್ಕ್ಯಾನರ್ ಹುಡುಕಬೇಕೇ ಎನ್ನುವುದು ನಿಮ್ಮ ಪ್ರಶ್ನೆ. ನಮ್ಮ ತಂದೆಯವರದೂ ಇಂಥದೇ ಒಂದು ಪೆಟ್ಟಿಗೆ ಇತ್ತು. ವಾರಕ್ಕೆ ಮೂರ್ನಾಲ್ಕು ರಾತ್ರಿ ಊಟ ಮುಗಿಸಿ ಕೂತು, ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಸ್ಕ್ಯಾನ್ ಮಾಡಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ: ಡಿಪಿಐ ಸಂಖ್ಯೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾವ ಯಂತ್ರ ಅನ್ನುವುದನ್ನು ನಿಮ್ಮ ಟ್ರಂಕೇ ತೀರ್ಮಾನಿಸುತ್ತದೆ.

ಕಾಗದದ ಸ್ಕ್ಯಾನರ್ ವಿಚಾರ ಮೊದಲು ಮುಗಿಸಿಬಿಡೋಣ. ಅದು ಕಾಗದದ ಮೇಲೆ ಬಿದ್ದು ವಾಪಸ್ ಬರುವ ಬೆಳಕನ್ನು ಓದುತ್ತದೆ. ಫಿಲ್ಮಿಗೆ ಬೇಕಾದದ್ದು ಹಿಂದಿನಿಂದ ಹಾಯ್ದು ಬರುವ ಬೆಳಕು. ಮುಚ್ಚಳದಲ್ಲಿ ದೀಪ ಇಲ್ಲದ ಸ್ಕ್ಯಾನರ್ ಈ ಕೆಲಸಕ್ಕೆ ಬರುವುದಿಲ್ಲ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಟ್ರಂಕು ಬಿಚ್ಚಿ. ಫೋನಿನಲ್ಲಿ ಖಾಲಿ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿದರೆ ಅದೇ ನಿಮ್ಮ ಲೈಟ್ ಟೇಬಲ್. ಅದರ ಮೇಲೆ ಒಂದೊಂದೇ ಪಟ್ಟಿ ಹಿಡಿದು ನೋಡಿ. ಕಿತ್ತಳೆ ಛಾಯೆ ಕಂಡರೆ ಬಣ್ಣದ ನೆಗೆಟಿವ್. ಬೂದು ಬಣ್ಣದ್ದಾದರೆ ಕಪ್ಪು-ಬಿಳುಪು. ಎರಡು ಇಂಚು ಚೌಕದ ರಟ್ಟು ಅಥವಾ ಪ್ಲಾಸ್ಟಿಕ್ ಚೌಕಟ್ಟಿನೊಳಗೆ ನೇರ ಬಣ್ಣದಲ್ಲೇ ಕಾಣುವುದು ಸ್ಲೈಡ್. ರಟ್ಟಿನ ಮೇಲೆ ಕೊಡಾಕ್ರೋಮ್ ಅಂತ ಅಚ್ಚಾಗಿದ್ದರೆ ಅದನ್ನು ಬೇರೆಯೇ ಇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಚೌಕ ನೆಗೆಟಿವ್‌ಗಳು ಬಹುಶಃ ಯಾಶಿಕಾದಂಥ ಎರಡು ಕಣ್ಣಿನ ಕ್ಯಾಮೆರಾದಲ್ಲಿ ತೆಗೆದ, 120 ಎಂಬ ಅಗಲ ಫಿಲ್ಮಿನವು. ಅಂಚಿನಲ್ಲಿರುವ ಹೆಸರುಗಳನ್ನೂ ಓದಿ. ಆ ಕಾಲದ ಕಪ್ಪು-ಬಿಳುಪು ಅಂದಮೇಲೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮೂ ಸಿಗಬಹುದು.

ಈ ವಿಂಗಡಣೆ ಯಾಕೆ ಅಂದರೆ, ಫಿಲ್ಮ್ ಸ್ಕ್ಯಾನರಿನಲ್ಲಿ ದುಡ್ಡು ಕೊಟ್ಟು ಪಡೆಯಬೇಕಾದ ಮುಖ್ಯ ಗುಣ ಇನ್‌ಫ್ರಾರೆಡ್ ದೀಪ. ಬಣ್ಣದ ಫಿಲ್ಮನ್ನು ಸಂಸ್ಕರಿಸಿದ ಮೇಲೆ ಅದರಲ್ಲಿ ಉಳಿಯುವುದು ಬರೀ ಬಣ್ಣದ ಡೈ. ಇನ್‌ಫ್ರಾರೆಡ್ ಬೆಳಕಿಗೆ ಆ ಡೈ ಇಲ್ಲವೇ ಇಲ್ಲವೆಂಬಷ್ಟು ಪಾರದರ್ಶಕ. ಆದರೆ ಧೂಳು, ಕೂದಲೆಳೆ, ಗೀರು ಆ ಬೆಳಕನ್ನು ತಡೆಯುತ್ತವೆ. ಹಾಗಾಗಿ ಇನ್‌ಫ್ರಾರೆಡ್‌ನಲ್ಲಿ ತೆಗೆದ ಚಿತ್ರದಲ್ಲಿ ನಿಮ್ಮ ಅಪ್ಪ ತೆಗೆದ ಫೋಟೋ ಕಾಣುವುದಿಲ್ಲ, ಬರೀ ಕಸ ಕಾಣುತ್ತದೆ. ಕಸ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಸಾಫ್ಟ್‌ವೇರ್ ಅಲ್ಲಲ್ಲಿ ಮಾತ್ರ ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಇದನ್ನೇ ಡಿಜಿಟಲ್ ಐಸ್ ಅನ್ನುವುದು. ಸಿಲ್ವರ್‌ಫಾಸ್ಟ್ ಸಾಫ್ಟ್‌ವೇರಿನಲ್ಲಿ ಐಎಸ್‌ಆರ್‌ಡಿ ಎಂಬ ಹೆಸರು. ನಲವತ್ತು ವರ್ಷ ಟ್ರಂಕಿನಲ್ಲಿದ್ದ ಫಿಲ್ಮಿನ ಒಂದು ಫ್ರೇಮಿನಲ್ಲಿ ನೂರಾರು ಚುಕ್ಕೆ ಇರುತ್ತವೆ. ಅವನ್ನು ಮೌಸ್ ಹಿಡಿದು ಒಂದೊಂದಾಗಿ ಒರೆಸಲು ಕೂತರೆ ಐವತ್ತು ಫೋಟೋ ಆಗುವಷ್ಟರಲ್ಲಿ ಕೆಲಸವನ್ನೇ ಕೈಬಿಡುತ್ತೀರಿ.

ಕಪ್ಪು-ಬಿಳುಪಿಗೆ ಮಾತ್ರ ಈ ಸೌಲಭ್ಯ ಹಾಕಲೇಬೇಡಿ. ಅಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ, ಬೆಳ್ಳಿ ಇನ್‌ಫ್ರಾರೆಡ್ಡನ್ನು ತಡೆಯುತ್ತದೆ. ನಮ್ಮ ದೊಡ್ಡತ್ತೆಯ ಮದುವೆಯ ನೆಗೆಟಿವ್ ಮೇಲೆ ಗೊತ್ತಿಲ್ಲದೆ ಇದನ್ನು ಹಾಕಿದ್ದೆ. ತೆರೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಸೀರೆಯ ಜರಿ ಅಂಚು ಮೇಣ ಕರಗಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು, ಮೂಗುಬೊಟ್ಟು ಇರುವ ಜಾಗದಲ್ಲಿ ಬರೀ ಮಚ್ಚೆ. ಸಾಫ್ಟ್‌ವೇರ್ ಜರಿಯನ್ನೂ ಮೂಗುಬೊಟ್ಟನ್ನೂ ಧೂಳು ಅಂತಲೇ ತಿಳಿದು ಒರೆಸಿತ್ತು. ಕೊಡಾಕ್ರೋಮ್ ಸ್ಲೈಡುಗಳಲ್ಲೂ ಡೈ ಇನ್‌ಫ್ರಾರೆಡ್ಡನ್ನು ಒಂದಿಷ್ಟು ತಡೆಯುವುದರಿಂದ ಇದೇ ತೊಂದರೆ, ಸ್ವಲ್ಪ ಕಡಿಮೆ. ಇಲ್ಫರ್ಡ್ ಎಕ್ಸ್‌ಪಿ2ನಂತೆ ಬಣ್ಣದ ರಾಸಾಯನಿಕದಲ್ಲೇ ತೊಳೆಯುವ ಕಪ್ಪು-ಬಿಳುಪು ಫಿಲ್ಮ್ ಇದ್ದರೆ ಅದಕ್ಕೆ ಧಾರಾಳವಾಗಿ ಹಾಕಬಹುದು.

ಈಗ 7200ರ ವಿಚಾರ. 35 ಎಂಎಂ ಫ್ರೇಮ್ ಅಂದರೆ 36 × 24 ಮಿಲಿಮೀಟರ್. 7200 ಡಿಪಿಐನಲ್ಲಿ ಅದು 69 ಮೆಗಾಪಿಕ್ಸೆಲ್ ಆಗುತ್ತದೆ, 48 ಬಿಟ್‌ನಲ್ಲಿ ಒಂದೊಂದು ಫೈಲೂ 400 ಎಂಬಿ ದಾಟುತ್ತದೆ. ಆದರೆ ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 8100, 8200ಐ ಯಂತ್ರಗಳನ್ನು ಪರೀಕ್ಷಾ ಗೆರೆಗಳಿಟ್ಟು ಅಳೆದವರಿಗೆ ಸಿಕ್ಕ ನಿಜವಾದ ವಿವರ ಅದರ ಅರ್ಧದಷ್ಟೂ ಇಲ್ಲ, 3200ರ ಆಸುಪಾಸು. ಮುಚ್ಚಳದಲ್ಲಿ ದೀಪ ಇರುವ ಚಪ್ಪಟೆ ಸ್ಕ್ಯಾನರ್, ಅಂದರೆ ಫ್ಲ್ಯಾಟ್‌ಬೆಡ್, ಆದ ಎಪ್ಸನ್ ವಿ600 ಮೇಲೆ 6400 ಅಂತ ಇದ್ದರೂ ದಕ್ಕುವುದು ಸುಮಾರು 1500. ವಿ850ರಲ್ಲಿ ಸುಮಾರು 2300. ನಿಕಾನ್ ಕೂಲ್‌ಸ್ಕ್ಯಾನ್ ಮಾತ್ರ 4000 ಅಂದರೆ ಹೆಚ್ಚುಕಡಿಮೆ ಅಷ್ಟನ್ನೂ ಕೊಡುತ್ತದೆ. ಮನೆಯ ಫೋಟೋಗಳಿಗೆ 3600ರಲ್ಲಿ ಇಟ್ಟುಕೊಳ್ಳಿ. 17 ಮೆಗಾಪಿಕ್ಸೆಲ್ ಬರುತ್ತದೆ, 17 ಇಂಚು ಅಗಲದ ಪ್ರಿಂಟಿಗೆ ಸಾಕು. ಅದಕ್ಕಿಂತ ಮೇಲೆ ಹೋದರೆ ಫಿಲ್ಮಿನ ಕಾಳು ದೊಡ್ಡದಾಗುತ್ತದೆ, ಮುಖ ಸ್ಪಷ್ಟವಾಗುವುದಿಲ್ಲ.

ಸ್ಲೈಡ್ ಮಾತ್ರ ಬೇರೆ ಜಾತಿ. ಅದರ ಕಪ್ಪು ಎಷ್ಟು ದಟ್ಟ ಅಂದರೆ, ಡೆನ್ಸಿಟಿ (ದಟ್ಟತೆಯ ಅಳತೆ) 3.6 ಇರುವ ಜಾಗದಲ್ಲಿ ಬಿದ್ದ ಬೆಳಕಿನ ನಾಲ್ಕು ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೆ ಬರುತ್ತದೆ. ನೆಗೆಟಿವ್ ಅಷ್ಟು ದಟ್ಟ ಇರುವುದಿಲ್ಲ, ಅದನ್ನು ಓದುವುದು ಸುಲಭ. ನಮ್ಮ ಪೆಟ್ಟಿಗೆಯಲ್ಲಿ ಒಂದು ಬಯಲಾಟದ ಸ್ಲೈಡ್ ಇದೆ. ನಡುವೆ ಕಿರೀಟ ಕಟ್ಟಿದ ವೇಷಧಾರಿ, ಸುತ್ತಲೂ ರಾತ್ರಿ. ಗೆಳೆಯನೊಬ್ಬನ ಹತ್ತಿರ ಇದ್ದ, ಒಳಗೆ ಫೋನ್ ಕ್ಯಾಮೆರಾದಂಥದೇ ಸೆನ್ಸರ್ ಇಟ್ಟ ಪುಟ್ಟ ಡಬ್ಬಿ ಸ್ಕ್ಯಾನರಿನಲ್ಲಿ ಅದನ್ನು ಮೊದಲು ಹಾಕಿದಾಗ ವೇಷ ಬಂತು, ರಾತ್ರಿ ಪಾಚಿಗಟ್ಟಿದ ಹಸಿರು-ಬೂದು ಕೊಚ್ಚೆಯಾಗಿ ಬಂತು. ಒಳ್ಳೆಯ ಫಿಲ್ಮ್ ಸ್ಕ್ಯಾನರಿನಲ್ಲಿ ಹಾಕಿದ ದಿನ ಅದೇ ಕತ್ತಲೆಯಲ್ಲಿ ಚಾಪೆಯ ಮೇಲೆ ಕೂತ ಜನ ಕಂಡರು. ಮೂರನೇ ಸಾಲಿನಲ್ಲಿ ಕಂಬಳಿ ಹೊದ್ದು ಅರ್ಧ ನಿದ್ದೆಯಲ್ಲಿದ್ದ ಹುಡುಗನ ಕೆನ್ನೆಯ ಮೇಲೆ ಗ್ಯಾಸ್‌ಲೈಟಿನ ಬೆಳಕು ಕೂಡ ಇತ್ತು. ಪೆಟ್ಟಿಗೆಯ ಮೇಲೆ 22 ಮೆಗಾಪಿಕ್ಸೆಲ್ ಅಂತ ಬರೆದು, ಜೆಪೆಗ್ ಮಾತ್ರ ಕೊಡುವ ಆ ಬಗೆಯ ಯಂತ್ರಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ.

ಹಾಗಾದರೆ ಏನು ಕೊಳ್ಳಬೇಕು? ನಿಮ್ಮಲ್ಲಿ ಬಹುಪಾಲು 35 ಎಂಎಂ ಬಣ್ಣದ್ದೇ ಆಗಿದ್ದರೆ ಪ್ಲಸ್‌ಟೆಕ್ 8200ಐ. ಗುಡ್ಡೆ ಗುಡ್ಡೆ ಕಪ್ಪು-ಬಿಳುಪೇ ಇದ್ದರೆ ಇನ್‌ಫ್ರಾರೆಡ್ ಇಲ್ಲದ 8100 ಸಾಕು, ಉಳಿದ ದುಡ್ಡಿನಲ್ಲಿ ಒಳ್ಳೆಯ ಏರ್ ಬ್ಲೋಯರ್ ಕೊಳ್ಳಿ. ಇವುಗಳಲ್ಲಿ ಆಟೋಫೋಕಸ್ ಇಲ್ಲ. ಫಿಲ್ಮ್ ಸುರುಳಿ ಸುತ್ತಿಕೊಂಡಿದ್ದರೆ ಅಂಚು ಮಸುಕಾಗುತ್ತದೆ, ಅಂಥ ಪಟ್ಟಿಗಳನ್ನು ಕವರಿನಲ್ಲಿಟ್ಟು ದಪ್ಪ ನಿಘಂಟಿನಡಿ ಒಂದು ವಾರ ಇಡಿ. ಹೋಲ್ಡರಿನಲ್ಲಿ ನೆಗೆಟಿವ್ ಆದರೆ ಆರು ಫ್ರೇಮ್, ಸ್ಲೈಡ್ ಆದರೆ ನಾಲ್ಕು; ಪ್ರತಿ ಫ್ರೇಮಿಗೂ ಕೈಯಿಂದಲೇ ಮುಂದೆ ತಳ್ಳಬೇಕು. ಇನ್‌ಫ್ರಾರೆಡ್ ಹಾಕಿದರೆ ಇನ್ನೊಂದು ಸಲ ಓಡುತ್ತದೆ. ತಳ್ಳುವುದು, ಬಣ್ಣ ಸರಿಮಾಡುವುದು ಎಲ್ಲ ಸೇರಿ ಫ್ರೇಮಿಗೆ ನಾಲ್ಕು ನಿಮಿಷ ಅಂತಿಟ್ಟರೂ ನಿಮ್ಮ 2,050ಕ್ಕೆ ಸುಮಾರು 137 ಗಂಟೆ. ಅದಕ್ಕೇ ಎಲ್ಲವನ್ನೂ ಮಾಡಬೇಡಿ. ಲೈಟ್ ಟೇಬಲ್ ಮೇಲೇ ಆರುನೂರು ಆರಿಸಿಕೊಂಡರೆ ಕೆಲಸ 40 ಗಂಟೆಗೆ ಇಳಿಯುತ್ತದೆ.

ಚೌಕ ನೆಗೆಟಿವ್ ಈ ಯಂತ್ರಗಳ ಬಾಯಿಗೆ ಹಿಡಿಸುವುದೇ ಇಲ್ಲ. ಅದಕ್ಕಾಗಿ ಚಿಂತೆ ಬೇಡ. ಅದರ ಚಿತ್ರ 56 ಮಿಲಿಮೀಟರ್ ಅಗಲ ಇರುವುದರಿಂದ ಫ್ಲ್ಯಾಟ್‌ಬೆಡ್ಡಿನ ನಿಜವಾದ 1500ರಲ್ಲೂ ಹತ್ತು ಮೆಗಾಪಿಕ್ಸೆಲ್ ದಾಟುತ್ತದೆ. ನಲವತ್ತೋ ಐವತ್ತೋ ಇದ್ದರೆ ಅದಕ್ಕಾಗಿ ಯಂತ್ರ ಕೊಳ್ಳದೆ, ವಿ600 ಅಥವಾ ವಿ850 ಇರುವ ಸ್ಟುಡಿಯೋದಲ್ಲಿ ಕಣ್ಣೆದುರೇ ಮಾಡಿಸಿಕೊಂಡು ಬನ್ನಿ. ನೆಗೆಟಿವ್ ಅಲ್ಲಿ ಬಿಟ್ಟು ಬರಬೇಡಿ.

ನಿಕಾನ್ ಕೂಲ್‌ಸ್ಕ್ಯಾನ್ ಬಗ್ಗೆ ನನಗೂ ಆಸೆ ಇದೆ. ಆಟೋಫೋಕಸ್ ಇದೆ, 5000 ಇಡಿಗೆ ಐವತ್ತು ಸ್ಲೈಡ್ ಒಟ್ಟಿಗೆ ನುಂಗುವ ಫೀಡರ್ ಕೂಡ ಇತ್ತು. ಆದರೆ ಕಂಪನಿ ಇವನ್ನು ಮಾಡುವುದು ನಿಲ್ಲಿಸಿ ಬಹಳ ವರ್ಷ ಆಯಿತು. ಇವತ್ತಿನ ಕಂಪ್ಯೂಟರಿಗೆ ಜೋಡಿಸಲು ವ್ಯೂಸ್ಕ್ಯಾನ್ ಸಾಫ್ಟ್‌ವೇರ್ ಬೇಕು. 9000 ಇಡಿಗೆ ಫೈರ್‌ವೈರ್ ಕಿಂಡಿ ಬೇಕು, ಅದು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ನಾನು ಒಂದು ಹಳೆಯ ಫಿಲ್ಮ್ ಸ್ಕ್ಯಾನರನ್ನು ಫೋಟೋ ನೋಡಿಯೇ ಕೊಂಡು ಕೈ ಸುಟ್ಟುಕೊಂಡೆ. ಕತ್ತಲೆ ಬಾಗಿಲಲ್ಲಿ ಬಿಳಿ ಪಂಚೆ ಉಟ್ಟು ನಿಂತ ಅಜ್ಜನ ಸ್ಲೈಡ್ ಹಾಕಿದರೆ, ಪಂಚೆಯ ಬಿಳುಪು ಮಂಜಿನ ಹಾಗೆ ಸುತ್ತಲಿನ ಕಪ್ಪಿನೊಳಕ್ಕೆ ಹರಡಿತ್ತು. ಬಿಚ್ಚಿ ನೋಡಿದಾಗ ಒಳಗಿನ ಕನ್ನಡಿಯ ಮೇಲೆ ಧೂಳಿನ ಪದರ. ನೀವು ಕೊಳ್ಳುವುದಾದರೆ ಅಂಥದೇ ಒಂದು ಸ್ಲೈಡ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಮಾರುವವರ ಎದುರೇ ಸ್ಕ್ಯಾನ್ ಮಾಡಿಸಿ, ಬಿಳುಪಿನ ಅಂಚು ನೋಡಿ ದುಡ್ಡು ಕೊಡಿ.

ಮ್ಯಾಕ್ರೋ ಲೆನ್ಸ್ ಇರುವ ಡಿಜಿಟಲ್ ಕ್ಯಾಮೆರಾ ಮನೆಯಲ್ಲಿದ್ದರೆ ಅದರಲ್ಲೇ ತೆಗೆಯುವ ದಾರಿಯೂ ಇದೆ. ಅತಿ ವೇಗ, ಆದರೆ ಇನ್‌ಫ್ರಾರೆಡ್ ಇಲ್ಲ. ಚೊಕ್ಕಟವಾಗಿರುವ ಕಪ್ಪು-ಬಿಳುಪಿಗೆ ಒಳ್ಳೆಯದು.

ಇನ್ನೊಂದು ಮಾತು. ಮಳೆಗಾಲದಲ್ಲಿ ಫಿಲ್ಮಿಗೆ ಹಿಡಿದ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡಿ. ಬೂಷ್ಟು ತಿಂದ ಜಾಗದಲ್ಲಿ ಜೆಲಾಟಿನ್ ನೀರಿಗೆ ಕರಗಿ, ಚಿತ್ರವೇ ಬಟ್ಟೆಗೆ ಅಂಟಿ ಬರುತ್ತದೆ. ಬಾಯಿಂದಲೂ ಊದಬೇಡಿ, ಬ್ಲೋಯರ್ ಸಾಕು. ಟ್ರಂಕು ಬಿಚ್ಚಿದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೆಡಲು ಶುರುವಾಗಿದೆ ಅಂತ ಅರ್ಥ, ಆ ಪಟ್ಟಿಗಳನ್ನು ಉಳಿದವುಗಳಿಂದ ಬೇರೆ ಇಟ್ಟು ಅವನ್ನೇ ಮೊದಲು ಸ್ಕ್ಯಾನ್ ಮಾಡಿ. ವಿಂಗಡಿಸಿದ ಮೇಲೆ ಯಾವುದು ಎಷ್ಟಿದೆ ಅಂತ ಇಲ್ಲೇ ಬರೆಯಿರಿ, 8100 ಸಾಕೋ 8200ಐ ಬೇಕೋ ನೋಡಿ ಹೇಳುತ್ತೇನೆ.